ತಂಗಿಯ ಹೆಸರಲ್ಲಿ ಪರ್ಮನೆಂಟ್

ಬಾಲಾನಗರದ ಆ ಕಂಪನಿಯಲ್ಲಿ ಬಂಡೆಮ್ಮ ಎಂಬುವವರು ಯಾರೂ ಇಲ್ಲ. ಗೇಟಿನಲ್ಲಿ ಕೇಳಿ ನೋಡಿ, ಕಾವಲಿನವನು ತಲೆಯಾಡಿಸಿ ವಾಪಸು ಕಳಿಸುತ್ತಾನೆ. ರೇಣುಕಕ್ಕ ಅನ್ನಿ, ಎಲ್ಲರಿಗೂ ಗೊತ್ತು: ಮೂರನೇ ಶೆಡ್ಡಿನಲ್ಲಿ ಕಿಟಕಿಯ ಪಕ್ಕ ಕೂತು ಬ್ರೇಕಿಗೆ ಹಾಕುವ ರಬ್ಬರ್ ಬಟ್ಟಲುಗಳ ಅಂಚು ಕತ್ತರಿಸುವವಳು, ಗುರುಮಠಕಲ್ ಕಡೆಯ ಕನ್ನಡದವಳು. ಆ ರೇಣುಕಕ್ಕನೇ ಬಂಡೆಮ್ಮ. ಅವಳ ಕಥೆಯನ್ನು ಇಲ್ಲಿಂದಲೇ ಶುರು ಮಾಡಬೇಕು, ಯಾಕೆಂದರೆ ಅವಳ ದುಡಿಮೆಯೆಲ್ಲ ಹೋದದ್ದು ಇನ್ನೊಬ್ಬರ ಹೆಸರಿನಲ್ಲಿ.

ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಗಂಡ ಬೂದೆಪ್ಪನ ಬೆನ್ನು ಹಿಡಿದು ಹೈದರಾಬಾದಿಗೆ ಬಂದಳು. ಅವನು ಗಚ್ಚಿಬೌಲಿಯ ಎತ್ತರದ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋದ, ಇವಳು ಅಲ್ಲೇ ಇಟ್ಟಿಗೆ ಹೊತ್ತಳು. ಒಂದು ದಿನ ಬೂದೆಪ್ಪ ಸ್ಲ್ಯಾಬಿನ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಅಲ್ಲಿಗೆ ಮನೆಯ ಭಾರ ಇವಳೊಬ್ಬಳ ತಲೆಯ ಮೇಲೆ ಬಿತ್ತು. ಬಾಲಾನಗರದ ಕಂಪನಿಗೆ ಆಳು ಒದಗಿಸುವ ಕಾಂಟ್ರಾಕ್ಟರು ಹೆಂಗಸರನ್ನು ತೆಗೆದುಕೊಳ್ಳುತ್ತಾನಂತೆ ಎಂದು ಕೇಳಿ ಓಡಿದಳು. ನಲವತ್ತು ದಾಟಿದವರು ಬೇಡ ಎಂದ ಅವನು. ಬಂಡೆಮ್ಮನಿಗೆ ಆಗ ಮೂವತ್ತೂ ತುಂಬಿರಲಿಲ್ಲ, ಆದರೆ ಅವಳ ಆಧಾರ್ ಕಾರ್ಡಿಗೆ ಐವತ್ತು ತುಂಬಿತ್ತು. ಊರಿನ ಶಾಲೆಯಲ್ಲಿ ಕ್ಯಾಂಪ್ ಹಾಕಿದ್ದ ಪುಣ್ಯಾತ್ಮ, ಹುಟ್ಟಿದ ವರ್ಷ ಗೊತ್ತಿಲ್ಲ ಎಂದವಳ ಬಾಲನೆರೆ ನೋಡಿ ತನಗೆ ತೋಚಿದ ವರ್ಷ ಬಡಿದಿದ್ದ. ತಿದ್ದಿಸಲು ಹೋದರೆ ಹುಟ್ಟಿದ ದಾಖಲೆ ತಾ ಎಂದರು. ಹೊಲದ ಬದುವಿನಲ್ಲಿ ಹುಟ್ಟಿದವಳು ಯಾವ ದಾಖಲೆ ತಂದಾಳು?

ತಂಗಿ ರೇಣುಕಾಳ ಕಾರ್ಡಿನಲ್ಲಿ ವಯಸ್ಸು ಸರಿಯಿತ್ತು. ಅವಳು ಊರಲ್ಲೇ ಗಂಡ ವೈಜನಾಥನ ಜೊತೆ ಸಣ್ಣದೊಂದು ಹಿಟ್ಟಿನ ಗಿರಣಿ ನೋಡಿಕೊಂಡಿದ್ದಳು. "ನಂದು ತಗೊಂಡು ಹೋಗ ಯಕ್ಕಾ, ಗ್ವಾಡಿಗಿ ತೂಗುಹಾಕೀನಿ, ಅದೇನು ಮಾಡಾಕತ್ತೈತಿ ಇಲ್ಲೆ?" ಎಂದು ತಾನೇ ತಂದುಕೊಟ್ಟಳು. ಅಕ್ಕತಂಗಿಯರದು ಒಂದೇ ಮೂಗು, ಒಂದೇ ಗದ್ದ. ಇನ್ನು ಕಾರ್ಡಿನ ಮೇಲಿನ ಫೋಟೋ ಬಿಡಿ, ಅದು ಊರಿನ ಅರ್ಧ ಹೆಂಗಸರಿಗೆ ಒಪ್ಪುತ್ತಿತ್ತು. ಕಾಂಟ್ರಾಕ್ಟರು ಹೆಸರು ಬರೆದುಕೊಂಡ, ಬಂಡೆಮ್ಮನ ಫೋಟೋ ತೆಗೆದು ಗೇಟಿನ ಕಾರ್ಡು ಮಾಡಿಸಿಕೊಟ್ಟ. ಮುಖ ಅಕ್ಕನದು, ಹೆಸರು ತಂಗಿಯದು. ಕಂಪನಿಯ ಆಳುಗಳಿಗೆ ಪುಕ್ಕಟೆ ಔಷಧ ಸಿಗುವ ಆಸ್ಪತ್ರೆಯ ಕಾರ್ಡೂ ಹಾಗೆಯೇ ಆಯಿತು.

ಮೊದಮೊದಲು "ರೇಣುಕಾ" ಎಂದು ಕೂಗಿದರೆ ಬಂಡೆಮ್ಮ ತಲೆಯೆತ್ತುತ್ತಿರಲಿಲ್ಲ. ಲೈನಿನ ಸೂಪರ್‌ವೈಸರ್ ಸಾಯಿಕುಮಾರ "ಈಯಮ್ಮಗೆ ಕಿವಿ ದೂರ" ಎಂದು ತೆಲುಗಿನಲ್ಲಿ ನಗಾಡುತ್ತಿದ್ದ. ವರ್ಷಗಳು ಕಳೆದ ಮೇಲೆ ಉಲ್ಟಾ ಆಯಿತು. ಸಂತೆಯಲ್ಲಿ ಊರಿನವರು ಯಾರೋ "ಬಂಡೆಮ್ಮಾ" ಎಂದು ಕರೆದರೆ ತನ್ನನ್ನಲ್ಲ ಎಂದುಕೊಂಡು ಮುಂದೆ ಹೋಗಿಬಿಡುತ್ತಿದ್ದಳು. ಬೂದೆಪ್ಪನಿಗೆ ಸೊಂಟ ಮುರಿದರೂ ನಾಲಿಗೆ ನೆಟ್ಟಗಿತ್ತು. "ಹಗಲೆಲ್ಲ ವೈಜನಾಥನ ಹೇಣ್ತಿ, ಸಂಜಿಗಿ ನನ್ನ ಹೇಣ್ತಿ. ನನ್ನ ದೈವ ನೋಡ್ರಿ" ಎಂದು ಪಕ್ಕದ ಮನೆಯವರ ಮುಂದೆಲ್ಲ ಹೇಳಿ ನಗಿಸುತ್ತಿದ್ದ.

ಎಲ್ಲರಿಗಿಂತ ಮಜಾ ಮಾಡಿದವಳು ರೇಣುಕಾ. ದಿನಾ ಸಂಜೆ ಅಕ್ಕನಿಗೆ ಫೋನ್ ಮಾಡಿ ಅವಳು ಕೇಳುತ್ತಿದ್ದ ಮೊದಲ ಮಾತೇ, "ಯಕ್ಕಾ, ನಾ ಇವತ್ತ ಎಷ್ಟು ಪೀಸ್ ಮಾಡೀನಿ?"

ಬಂಡೆಮ್ಮ ಲೆಕ್ಕ ಹೇಳಿದರೆ, "ಅಯ್ಯಯ್ಯ, ಅದಕ್ಕ ಕೈ ನೋಯಾಕತ್ತಾವು ನೋಡು!" ಎಂದು ನಗುತ್ತಿದ್ದಳು. ಅವಳ ಮಗಳು ದಾನೇಶ್ವರಿ ಹುಟ್ಟಿ, ಮಾತು ಕಲಿತು, ತೊಡೆಯ ಮೇಲೆ ಕೂತು ಈ ಮಾತು ಕೇಳಿಕೊಂಡೇ ಬೆಳೆಯಿತು. ಅವ್ವ ಗಿರಣಿಯಲ್ಲೂ ಇರುತ್ತಾಳೆ, ಹೈದರಾಬಾದಿನಲ್ಲೂ ದುಡಿಯುತ್ತಾಳೆ ಎಂದರೆ ಅದಕ್ಕೆ ಏನೂ ವಿಚಿತ್ರ ಅನ್ನಿಸುತ್ತಿರಲಿಲ್ಲ.

ಇನ್ನು ಕಂಪನಿಯ ಕಥೆ. ಬಂಡೆಮ್ಮ ಸೇರಿದಾಗ ಎರಡೇ ಶೆಡ್ಡು. ಮೊದಲು ಆಟೋಗಳಿಗೆ ರಬ್ಬರ್ ಮಾಡಿದರು, ಆಮೇಲೆ ಕಾರುಗಳಿಗೆ, ಲಾರಿಗಳಿಗೆ, ಈಗ ಬ್ಯಾಟರಿ ಸ್ಕೂಟರುಗಳಿಗೂ ಇಲ್ಲಿಂದಲೇ ಹೋಗುತ್ತದೆ. ಗೇಟಿನ ಒಳಗೆ ದೊಡ್ಡದೊಂದು ಬೋರ್ಡಿದೆ. ಅದರ ಮೇಲೆ ವರ್ಷ ವರ್ಷದ ವಹಿವಾಟನ್ನು ಕಂಬಗಳಾಗಿ ಬಿಡಿಸಿದ್ದಾರೆ, ಪ್ರತಿ ಸಲ ಹೊಸ ಕಂಬ ಹಳೆಯದಕ್ಕಿಂತ ಎತ್ತರ. ಹೊಸ ಕಂಬ ಬಿಡಿಸಿದ ದಿನ ಎಲ್ಲರಿಗೂ ಸಿಹಿ: ಪರ್ಮನೆಂಟಿನವರಿಗೆ ಡಬ್ಬಿ, ಕಾಂಟ್ರಾಕ್ಟಿನವರಿಗೆ ಕಾಗದದಲ್ಲಿ ಸುತ್ತಿದ ಒಂದೇ ಒಂದು ಲಾಡು. ಕಂಪನಿ ಬೆಳೆಯಲಿ, ಯಾರು ಬೇಡ ಅಂದರು? ಕಂಬ ಬೆಳೆದಂತೆ ಲಾಡು ಬೆಳೆಯಲಿಲ್ಲ ಅಂತ ಹೇಳಿದೆ, ಅಷ್ಟೇ.

ಅಲ್ಲಿ ಇನ್ನೊಂದು ಪದ್ಧತಿ. ಕಾಂಟ್ರಾಕ್ಟಿನ ಆಳುಗಳನ್ನು ವರ್ಷಕ್ಕೊಮ್ಮೆ ಕೆಲವು ದಿನ ಮನೆಗೆ ಕಳಿಸಿ, ಆಮೇಲೆ ಹೊಸಬರ ಹಾಗೆ ತೆಗೆದುಕೊಳ್ಳುತ್ತಾರೆ. ಆಳು ಎಷ್ಟೇ ಹಳೆಯದಾದರೂ ಕಾಗದದ ಮೇಲೆ ಹಳೆಯದಾಗಬಾರದು, ಅದಕ್ಕೆ. ಆ ದಿನಗಳಲ್ಲಿ ಬಂಡೆಮ್ಮ ಕಾಂಟ್ರಾಕ್ಟರನ ಬಾಗಿಲು ಕಾಯುತ್ತಿದ್ದಳು. ಈ ಸಲ ಕರೆಯದಿದ್ದರೆ ಏನು ಗತಿ ಎಂದು ಅನ್ನ ಸೇರುತ್ತಿರಲಿಲ್ಲ.

ಹೀಗಿರುವಾಗ ಹೊರದೇಶದ ದೊಡ್ಡ ಗಿರಾಕಿಯೊಂದು ಬಂತು. ಆರ್ಡರು ಎಷ್ಟು ದೊಡ್ಡದೆಂದರೆ ಬಾಲಾನಗರದ ಜಾಗ ಸಾಲದೆ, ರಿಂಗ್ ರೋಡಿನಾಚೆ ಹೊಸ ಕಾರ್ಖಾನೆ ಎದ್ದಿತು. ಅದು ಶುರುವಾದ ಮೇಲೆ ಇಲ್ಲಿನ ಶೆಡ್ಡುಗಳಿಗೆ ಬೀಗ. ಪರ್ಮನೆಂಟ್ ಇದ್ದವರನ್ನು ಅಲ್ಲಿಗೆ ಕರೆದೊಯ್ಯುತ್ತಾರೆ, ಕಾಂಟ್ರಾಕ್ಟಿನವರಿಗೆ ಇಲ್ಲಿಂದಲೇ ಕೈಮುಗಿಯುತ್ತಾರೆ ಎಂಬ ಸುದ್ದಿ ಹಬ್ಬಿತು. ಸುದ್ದಿ ನಿಜವೇ ಆಗಿತ್ತು. ಆದರೆ ಹಳಬರಲ್ಲಿ ಕೆಲವರನ್ನಾದರೂ ಕಂಪನಿಯ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಆ ಗಿರಾಕಿಯವರು ಷರತ್ತು ಹಾಕಿದ್ದರಂತೆ. ಹಾಗಾಗಿ ಒಂದು ಮಧ್ಯಾಹ್ನ ಜನಾರ್ದನ ಸಾಹೇಬರು ಬಂಡೆಮ್ಮನನ್ನು ಆಫೀಸಿಗೆ ಕರೆಸಿದರು. ಆಳುಕಾಳುಗಳ ವ್ಯವಹಾರ ನೋಡುವವರು ಅವರು, ಮೈಸೂರಿನವರು. ಕನ್ನಡ ಕೇಳಿದರೆ ಅವರ ಮುಖ ಅರಳುತ್ತಿತ್ತು.

"ಬನ್ನಿ ರೇಣುಕಾ, ಕೂತ್ಕೊಳ್ಳಿ. ನಿಮ್ಮನ್ನ ಪರ್ಮನೆಂಟ್ ಮಾಡೋಕೆ ಒಪ್ಪಿಗೆ ಬಂದಿದೆ. ನಮ್ಮ ಕನ್ನಡದವರು ಒಬ್ಬರಾದ್ರೂ ಇರ್ಲಿ ಅಂತ ನಾನೇ ಒತ್ತಿ ಹೇಳಿದೆ."

"ಸಾಹೇಬ್ರ, ನಿಮ್ಮ ಮಕ್ಕಳ ಹೊಟ್ಟಿ ತಣ್ಣಗಿರ್ಲಿ ರಿ."

"ಒಂದೇ ಕೆಲಸ ಬಾಕಿ. ಸೋಮವಾರ ಬೆಳಿಗ್ಗೆ ಇಲ್ಲಿ ಬಂದು ಮಿಷನ್ ಮೇಲೆ ಹೆಬ್ಬೆಟ್ಟು ಒತ್ತಬೇಕು. ಆಧಾರ್‌ಗೆ ತಾಳೆ ಆದ್ರೆ ಮುಗೀತು."

ಬಂಡೆಮ್ಮ ಕುರ್ಚಿಯ ತುದಿಗೆ ಸರಿದಳು. ಕೆಲಸ ಅವಳು ಮಾಡಬಹುದು, ಹೆಸರು ಅವಳು ಹೊರಬಹುದು, ತಂಗಿಯ ಹೆಬ್ಬೆರಳನ್ನು ಎಲ್ಲಿಂದ ತರಬೇಕು? ನಿಜ ಹೇಳಿಬಿಡೋಣ ಎಂದು ಸಾಹೇಬರ ಮುಖ ನೋಡಿದಳು. ಹೇಳಿದರೆ ಪರ್ಮನೆಂಟ್ ಇರಲಿ, ಇದ್ದ ಕೆಲಸವೂ ಹೋಗಿ ಪೊಲೀಸರು ಮನೆಗೆ ಬಂದಾರು. ಮನೆಯಲ್ಲಿ ಏಳಲಾರದ ಗಂಡ. ತಲೆಯಾಡಿಸಿ ಎದ್ದು ಬಂದಳು.

ಸಂಜೆ ಫೋನಿನಲ್ಲಿ ಅಕ್ಕತಂಗಿ ಕೂಡಿ ದಾರಿ ಹುಡುಕಿದರು. ದಾರಿ ಸುಲಭದ್ದೇ ಅನ್ನಿಸಿತು. ಶೆಡ್ಡಿನಲ್ಲಿ ಎಲ್ಲರೂ ಟೋಪಿ ಹಾಕಿ, ಮೂಗುಬಾಯಿ ಮುಚ್ಚಿಕೊಂಡೇ ಇರುತ್ತಾರೆ, ಕಾಣುವುದು ಕಣ್ಣು ಮಾತ್ರ. ಅಕ್ಕನ ಯೂನಿಫಾರ್ಮು ತೊಟ್ಟು, ಅಕ್ಕನ ಕಾರ್ಡು ತೋರಿಸಿ ತಂಗಿ ಒಳಗೆ ಹೋಗುವುದು, ಹೆಬ್ಬೆಟ್ಟು ಒತ್ತಿ ಹೊರಗೆ ಬರುವುದು.

"ಆದರ ಯಕ್ಕಾ, ಎರಡು ದಿನ ಆತು ಜರಾ ಮೈ ಕಾಯಾಕತ್ತೈತಿ. ಮುಂದಿನ ವಾರ ಬಂದ್ರ ನಡ್ಯಂಗಿಲ್ಲೇನು?" ಎಂದಳು ರೇಣುಕಾ.

"ಇಲ್ಲವ್ವ, ಸೋಮವಾರ ಅಂದಾರ. ಒಂದ್ ತಾಸಿನ ಕೆಲಸ. ನಿನ್ನ ಕಾಲಿಗಿ ಬೀಳ್ತೀನಿ, ಬಾ."

"ಹುಚ್ಚಿ ಏನು ನೀನು, ಅಕ್ಕ ಆಗಿ ತಂಗಿ ಕಾಲಿಗಿ ಬೀಳ್ತೀ? ಬರ್ತೀನಿ ಬಿಡು. ನನ್ನ ನೌಕರಿ ನಾನೂ ಒಮ್ಮಿ ನೋಡ್ತೀನಿ."

ಭಾನುವಾರ ಬಸ್ಸಿನಿಂದ ಇಳಿದವಳ ಕೈ ಹಿಡಿದಾಗಲೇ ಬಂಡೆಮ್ಮನಿಗೆ ಗೊತ್ತಾಯಿತು. ಕೈ ಕೆಂಡವಾಗಿತ್ತು. ಕಣ್ಣು ಕೆಂಪಗಿತ್ತು. ಗೊತ್ತಾದರೂ ವಾಪಸು ಹೋಗು ಅನ್ನಲಿಲ್ಲ. ಗುಳಿಗೆ ಕೊಟ್ಟು ಮಲಗಿಸಿದಳು. "ಬ್ಯಾಡ ಬಿಡ, ಹುಡುಗಿ ಮಾರಿ ನೋಡು" ಎಂದ ಬೂದೆಪ್ಪ. ಅವನು ನಗದೆ ಆಡಿದ ಮಾತು ಅದೊಂದೇ. ಅದನ್ನೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಸೋಮವಾರ ರೇಣುಕಾ ಗೇಟು ದಾಟಿ ಒಳಗೆ ಹೋದಳು. ಬಂಡೆಮ್ಮ ಎದುರಿನ ಚಹಾದಂಗಡಿಯ ಪಕ್ಕ ಸೆರಗು ಹೊದ್ದು ನಿಂತಳು. ಒಂದು ತಾಸು ಹೋಯಿತು. ಇನ್ನೊಂದು ಹೋಯಿತು. ಬಿಸಿಲು ನೆತ್ತಿಗೆ ಬಂದರೂ ತಂಗಿ ಬರಲಿಲ್ಲ.

ಒಳಗೆ ಆದದ್ದೇನೆಂದರೆ, ಅದೇ ದಿನ ಆ ಹೊರದೇಶದ ಗಿರಾಕಿಯ ಕಡೆಯವರು ಲೈನು ನೋಡಲು ಬಂದಿದ್ದರು. ಯಾವ ಕುರ್ಚಿಯೂ ಖಾಲಿ ಇರಬಾರದು, ಶಿಫ್ಟು ಮುಗಿಯುವವರೆಗೆ ಯಾರನ್ನೂ ಹೊರಗೆ ಬಿಡಬಾರದು ಎಂದು ಹುಕುಂ ಆಗಿತ್ತು. ಹೆಬ್ಬೆಟ್ಟು ಒತ್ತಿ ಹೊರಟವಳನ್ನು ಸಾಯಿಕುಮಾರ ಮೆಟ್ಟಿಲ ಬಳಿಯೇ ಹಿಡಿದ. "ಏಮ್ಮಾ ರೇಣುಕಾ, ಎಲ್ಲಿಗೆ? ನಡಿ ನಡಿ" ಎಂದು ಕರೆತಂದು ಕಿಟಕಿಯ ಪಕ್ಕದ ಜಾಗದಲ್ಲಿ ಕೂರಿಸಿದ. ಅತ್ತ ರಬ್ಬರ್ ಬೇಯಿಸುವ ಪ್ರೆಸ್ಸುಗಳ ಧಗೆ, ಇತ್ತ ಬುಟ್ಟಿ ತುಂಬ ಬಟ್ಟಲು. ನನಗೆ ಜ್ವರ ಎಂದು ಬಾಯಿಬಿಟ್ಟರೆ ಟೋಪಿ ತೆಗೆಸುತ್ತಾರೆ, ಮುಖ ನೋಡುತ್ತಾರೆ. ರೇಣುಕಾ ಬಾಯಿ ಬಿಡಲಿಲ್ಲ. ಕತ್ತರಿ ಎತ್ತಿಕೊಂಡಳು. ಅಕ್ಕ ಊರಿಗೆ ಬಂದಾಗಲೆಲ್ಲ ಮಗುವಿಗೆ ಆಡಲು ಕೆಟ್ಟ ಬಟ್ಟಲುಗಳನ್ನು ತರುತ್ತಿದ್ದಳು, ಅವುಗಳ ಅಂಚು ಕತ್ತರಿಸಿ ಆಡಿದ ಅಭ್ಯಾಸ ಅವಳ ಕೈಗೆ ಇತ್ತು.

ಹೊರಗೆ ಬಂಡೆಮ್ಮ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಗಿದ್ದಳು. ಕಂಪನಿಯೊಳಗೆ ಆಳುಗಳ ಫೋನು ಬಿಡುವುದಿಲ್ಲ. ಒಳಗೆ ಹೋಗಲು ಕಾರ್ಡಿಲ್ಲ, ಅದು ತಂಗಿಯ ಕೊರಳಲ್ಲಿದೆ. ಕಾವಲಿನವನಿಗೆ ಹೇಳಬೇಕು. ಏನೆಂದು ಹೇಳುವುದು? ಒಳಗಿರುವ ರೇಣುಕಾಳಿಗೆ ಜ್ವರ, ಕಳಿಸಿರಿ ಎಂದರೆ, ನೀನ್ಯಾರು ಅನ್ನುತ್ತಾನೆ. ಗೇಟಿನವರೆಗೆ ಹೋದಳು. ಕಾವಲಿನವನು ಮೊಬೈಲಿನಿಂದ ತಲೆಯೆತ್ತಿ ನೋಡಿದ. ಬಂಡೆಮ್ಮ ಸೆರಗು ಮುಂದಕ್ಕೆಳೆದುಕೊಂಡು, ದಾರಿ ತಪ್ಪಿದವಳ ಹಾಗೆ ತಿರುಗಿ ಬಂದಳು. ಇನ್ನೊಂದು ಸಲವೂ ಹೋದಳು, ತಿರುಗಿ ಬಂದಳು. ಕೂಗಬೇಕಿತ್ತು. ಕೂಗಿದ್ದರೆ ನೌಕರಿ ಹೋಗುತ್ತಿತ್ತು, ತಂಗಿ ಹೊರಗೆ ಬರುತ್ತಿದ್ದಳು. ಇದನ್ನು ಯಾರೂ ಅವಳಿಗೆ ಹೇಳಿಕೊಡಬೇಕಾಗಿಲ್ಲ, ದಿನವೂ ತನಗೆ ತಾನೇ ಹೇಳಿಕೊಳ್ಳುತ್ತಾಳೆ.

ಶಿಫ್ಟು ಬಿಟ್ಟಾಗ ರೇಣುಕಾ ಕಾಂಪೌಂಡು ಗೋಡೆ ಹಿಡಿದುಕೊಂಡು ಬಂದಳು. ಬಂಡೆಮ್ಮ ಓಡಿಹೋಗಿ ತಬ್ಬಿಕೊಂಡಳು.

"ಹೆಬ್ಬಟ್ಟು ಹಿಡೀತು ಯಕ್ಕಾ. ಹಸರ ದೀಪ ಹತ್ತಿತು. ಸಾಹೇಬ್ರು ನನ್ನ ಬೆರಳ ಹಿಡಿದು ಒತ್ತಿಸಿದ್ರು, ಕೈ ಇಷ್ಟು ಬಿಸಿ ಯಾಕೆ ಅಂದ್ರು. ಪ್ರೆಸ್ಸಿನ ಕಾವು ಸಾಹೇಬ್ರ ಅಂದ್ನಿ. ಹೆಂಗ?" ಎಂದು ನಗಲು ನೋಡಿದಳು. ತುಟಿ ಒಡೆದು ರಕ್ತ ಒಸರಿತ್ತು.

"ಸುಮ್ಕಿರವ್ವ, ಮಾತಾಡಬ್ಯಾಡ."

"ದಿನಾ ನಾ ಕೇಳ್ತಿದ್ನಿ. ಇವತ್ತ ನೀ ಕೇಳು. ಎಷ್ಟು ಪೀಸ್ ಮಾಡೀನಿ ಅಂತ ಕೇಳ ಯಕ್ಕಾ."

ಬಂಡೆಮ್ಮ ಕೇಳಲಿಲ್ಲ. ಅಳುತ್ತಾ ಆಟೋ ಕೂಗಿದಳು.

ಬಂಡೆಮ್ಮನ ಚೀಲದಲ್ಲಿ ಆಸ್ಪತ್ರೆಯ ಕಾರ್ಡಿತ್ತು. ಅದರ ಮೇಲಿನ ಹೆಸರಿನವಳೇ ಪಕ್ಕದಲ್ಲಿ ಸುಡುತ್ತ ಕೂತಿದ್ದಳು, ಆದರೆ ಅದರ ಮೇಲಿನ ಮುಖ ಬಂಡೆಮ್ಮನದು. ತೋರಿಸಲು ಧೈರ್ಯ ಬರಲಿಲ್ಲ. ಓಣಿಯ ಖಾಸಗಿ ಡಾಕ್ಟರ ಹತ್ತಿರ ಸಲೈನ್ ಹಾಕಿಸಿದರು. ರಕ್ತ ಪರೀಕ್ಷೆ ಮಾಡಿಸಿ ಎಂದು ಅವರು ಬರೆದುಕೊಟ್ಟರು. ಬೆಳಗಾಗುವಾಗ ಜ್ವರ ಇಳಿದಿತ್ತು, ಪರೀಕ್ಷೆ ಮಾಡಿಸದೆ ರೇಣುಕಾ ಮಗಳನ್ನು ನೆನೆಸಿಕೊಂಡು ಊರಿಗೆ ಹೊರಟೇಬಿಟ್ಟಳು. ಅದು ಡೆಂಗಿ ಎಂದು ಆಮೇಲೆ ತಿಳಿಯಿತು. ಡೆಂಗಿಯ ಚಾಳಿಯೇ ಅದು, ಇಳಿದಂತೆ ಮಾಡಿ ಕುತ್ತಿಗೆ ಕೊಯ್ಯುತ್ತದೆ. ಬಂಡೆಮ್ಮ ಅವಳನ್ನು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ಜೋಪಾನ ಎಂದು ಕಂಡಕ್ಟರಿಗೆ ಹೇಳಿ, ತಾನು ಕೆಲಸಕ್ಕೆ ಹೋದಳು. ಹೆಬ್ಬೆಟ್ಟು ಒತ್ತಿದ ಮಾರನೆಯ ದಿನವೇ ಗೈರಾದರೆ ಯಾರಿಗಾದರೂ ಅನುಮಾನ ಬಂದೀತು ಎಂಬ ಭಯ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ಸುಮ್ಮನೆ ಹೇಳುತ್ತಾರೆಯೇ?

ಎರಡು ದಿನದಲ್ಲಿ ರೇಣುಕಾ ಸತ್ತಳು. ಊರಿನಿಂದ ಯಾದಗಿರಿಗೆ ಒಯ್ಯುವಾಗ ಗಾಡಿಯಲ್ಲೇ ಪ್ರಾಣ ಹೋಯಿತಂತೆ.

ಬಂಡೆಮ್ಮ ಊರಿಗೆ ಹೋದಳು. ಹೆಂಗಸರು ತಂಗಿಯ ಹೆಸರು ಹಿಡಿದು ಹಾಡಿಕೊಂಡು ಅಳುತ್ತಿದ್ದರು. "ಎಲ್ಲಿಗಿ ಹೋದ್ಯವ್ವ ರೇಣುಕಾ" ಎಂದಾಗಲೆಲ್ಲ ಇವಳು ತಲೆಯೆತ್ತುತ್ತಿದ್ದಳು, ತನ್ನನ್ನೇ ಕರೆದಂತೆ. ಮಣ್ಣು ಹಾಕಿದರು. ಎಲ್ಲರೂ ಸ್ನಾನ ಮಾಡಿ ಕೂತ ಮೇಲೆ ವೈಜನಾಥ ಗಿರಣಿಯ ಹಿಂದೆ ಒಬ್ಬನೇ ನಿಂತಿದ್ದ. ಬಂಡೆಮ್ಮ ಅಲ್ಲಿಗೆ ಹೋದಳು. ಸಮಾಧಾನ ಹೇಳಲು ಬಂದಳೆಂದು ಅವನು ಕಣ್ಣೊರೆಸಿಕೊಂಡ.

"ವೈಜನಾಥಪ್ಪ," ಎಂದಳು, "ಪಂಚಾಯ್ತಿಗಿ ಹೋಗಿ ಸಾವು ಬರಸಬ್ಯಾಡಪ್ಪ."

ಅವನಿಗೆ ಅರ್ಥವಾಗಲಿಲ್ಲ.

"ಬರಸಿದ್ರ ಕಂಪನ್ಯಾಗ ಗೊತ್ತಾಗ್ತೈತಿ. ಆಕಿ ಸತ್ತಾಳ ಅಂದ್ರ ನನ್ನ ನೌಕರಿನೂ ಸತ್ತಂಗ. ನಿಮ್ಮ ಬೂದೆಪ್ಪಣ್ಣ ಹಾಸಿಗ್ಯಾಗ ಬಿದ್ದಾನ. ನನಗ ಬ್ಯಾರೆ ದಾರಿ ಇಲ್ಲಪ್ಪ."

ಹೊದಿಸಿದ ಮಣ್ಣು ಇನ್ನೂ ಹಸಿಯಾಗಿರುವಾಗ ಇಂಥ ಮಾತು ತನ್ನ ಬಾಯಿಂದ ಬಂತಲ್ಲ ಎಂದು ಅವಳಿಗೆ ಆಡುತ್ತಿದ್ದಂತೆಯೇ ಹೇಸಿಗೆಯಾಯಿತು. ಆದರೂ ಆಡಿ ಮುಗಿಸಿದಳು. ನೀರಿಗಿಳಿದಾಗಿತ್ತು, ಚಳಿಗೆ ಹೆದರಿ ಏನು ಪ್ರಯೋಜನ?

ವೈಜನಾಥ ಗಿರಣಿಯ ಗೋಡೆಗೆ ಒರಗಿದ. "ಮೈ ಸುಡಾಕತ್ತಿತ್ತು ಅಂತ ನನಗೂ ಗೊತ್ತಿತ್ತಕ್ಕ. ಹೋಗು ಅಂತ ನಾನೂ ಅಂದಿದ್ನಿ. ನಿಮಗ ಬೈಯಾಕ ನನಗ ಬಾಯಿಲ್ಲ," ಎಂದ. ಆಮೇಲೆ, "ಬರಸಂಗಿಲ್ಲ. ಹೋಗ್ರಿ. ಅಲ್ಲ್ಯಾದ್ರೂ ಬದುಕಿರ್ಲಿ ಆಕಿ."

ದಾನೇಶ್ವರಿ ಗಿರಣಿಯ ಹಿಂಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಿತ್ತು. ಮಕ್ಕಳಿಗೆ ಏನು ತಿಳಿಯುತ್ತದೆ ಎಂದು ಇಬ್ಬರೂ ಅದನ್ನು ಗಮನಿಸಲಿಲ್ಲ.

ತಿಂಗಳು ಕಳೆಯುವುದರೊಳಗೆ ಕಂಪನಿಯಲ್ಲಿ ದೊಡ್ಡ ಸಮಾರಂಭವಾಯಿತು. ಬೋರ್ಡಿನ ಮೇಲೆ ಹೊಸ ಕಂಬ ಬಂದಿತ್ತು, ಅದಕ್ಕೆ ಬೋರ್ಡು ಸಾಲದೆ ಮೇಲೊಂದು ಹಲಗೆ ಜೋಡಿಸಿದ್ದರು. ಮಾಲೀಕರು ಇಂಗ್ಲಿಷಿನಲ್ಲಿ ಮಾತಾಡಿದರು. ಈ ಬೆಳವಣಿಗೆ ನಿಮ್ಮದು, ನೀವೆಲ್ಲ ನಮ್ಮ ಮನೆಯವರು ಎಂದು ಸಾಯಿಕುಮಾರ ಅದನ್ನು ತೆಲುಗಿನಲ್ಲಿ ಹೇಳಿದ. ಚಪ್ಪಾಳೆ ಬಿತ್ತು. ಪರ್ಮನೆಂಟ್ ಆದವರನ್ನು ಒಬ್ಬೊಬ್ಬರಾಗಿ ಕರೆದರು. "ರೇಣುಕಾ" ಎಂದಾಗ ಬಂಡೆಮ್ಮ ಎದ್ದಳು. ವೇದಿಕೆ ಹತ್ತಿದಳು. ಇಲ್ಲ, ಅವಳು ಸತ್ತಳು ಎಂದು ಮೈಕಿನಲ್ಲಿ ಕೂಗಿಬಿಡಬೇಕು ಎನ್ನಿಸಿತು. ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡಳು. ಕಣ್ಣೀರು ನಿಲ್ಲಲಿಲ್ಲ.

ಜನಾರ್ದನ ಸಾಹೇಬರು ಆದೇಶದ ಕಾಗದ ಕೈಗಿಟ್ಟು, ಮೆಲ್ಲಗೆ, "ಇವತ್ತು ಅಳಬಾರದು ರೇಣುಕಾ, ಇವತ್ತು ನಿಮ್ಮ ದಿನ" ಎಂದರು. ಒಳ್ಳೆಯವರೇ. ಅವಳ ಕೈ ಮುಟ್ಟಿ, "ಅವತ್ತು ಎಷ್ಟು ಬಿಸಿ ಇತ್ತು ಈ ಕೈ, ಇವತ್ತು ಐಸ್ ಆಗಿದೆಯಲ್ರೀ" ಎಂದು ನಕ್ಕರು. ಬಂಡೆಮ್ಮ ಆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೆಳಗಿಳಿದಳು.

ಈ ಸಲ ಅವಳಿಗೂ ಸಿಹಿಯ ಡಬ್ಬಿ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಬಂಡೆಮ್ಮನಿಗೆ ಬಾಯಿಗೂ ಬಂತು, ನುಂಗಲು ಗಂಟಲೇ ಇರಲಿಲ್ಲ. ಮನೆಗೆ ಬಂದು ಡಬ್ಬಿಯನ್ನು ಬೂದೆಪ್ಪನ ಮುಂದಿಟ್ಟಳು. ಅವನು ಅದನ್ನು ತೆರೆಯದೆ ಮಂಚದ ಕೆಳಗೆ ಸರಿಸಿದ. ವೈಜನಾಥನ ಹೇಣ್ತಿ ಎಂಬ ಹಳೆಯ ನಗೆಮಾತು ಆ ಮನೆಯಲ್ಲಿ ಮತ್ತೆ ಬಂದಿರಲಿಲ್ಲ.

ಅಷ್ಟರಲ್ಲಿ ಫೋನು ಬಂತು. ದಿನಾ ಸಂಜೆ ಬರುತ್ತಿದ್ದ ಹೊತ್ತಿಗೇ, ಅದೇ ನಂಬರಿನಿಂದ. ಎತ್ತಿದರೆ ಆ ಕಡೆ ದಾನೇಶ್ವರಿ.

"ದೊಡ್ಡವ್ವಾ, ಅವ್ವ ಕೆಲಸದಿಂದ ಬಂದ್ಳೇನು?"

ಬಂಡೆಮ್ಮ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಇಲ್ಲಿ ಅವ್ವಗ ಮಣ್ಣು ಕೊಟ್ಟೀವಿ. ಅಲ್ಲಿ ಅವ್ವ ಬದುಕ್ಯಾಳ ಅಂತ ಅಪ್ಪ ಅಂದಾನ. ನಾ ಕೇಳೀನಿ." ಹುಡುಗಿ ದನಿ ತಗ್ಗಿಸಿತು. ಯಾರಿಗೂ ಹೇಳಬಾರದ ಗುಟ್ಟೆಂದು ಅದಕ್ಕೆ ಗೊತ್ತಿತ್ತು. "ಇವತ್ತ ಎಷ್ಟು ಪೀಸ್ ಮಾಡ್ಯಾಳಂತ ಕೇಳಬೇಕು. ಆಕಿ ಕೈಯಾಗ ಫೋನ್ ಕೊಡು ದೊಡ್ಡವ್ವಾ."

ಬೂದೆಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಬಂಡೆಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಆ ಕಡೆಯಿಂದ ಹುಡುಗಿ ತಾನೇ ಕೂಗತೊಡಗಿತು, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ, "ಅವ್ವಾ... ರೇಣುಕವ್ವಾ..." ಎಂದು. ಇಷ್ಟು ವರ್ಷ ಯಾರು ಕರೆದರೂ ಆ ಹೆಸರಿಗೆ ಓಗೊಟ್ಟವಳಿಗೆ ಅವತ್ತು ಓ ಅನ್ನಲು ಬಾಯಿ ಬರಲಿಲ್ಲ.